ತಣ್ಣೀರಿನ ಮೊದಲ ನಿಮಿಷ

‘ಹೊಳೆನರಸೀಪುರದ ಹೇಮಾವತಿಯಲ್ಲಿ ಈಜಿ ಬೆಳೆದವನು ನಾನು. ನನಗೆ ನೀರಿನ ಭಯವೇ?’

ನಮ್ಮ ಚಿಕ್ಕಪ್ಪ ಇದನ್ನು ನೂರು ಸಲವಾದರೂ ಹೇಳಿರಬಹುದು. ಆದರೆ ಕಳೆದ ಬಾರಿ ಅಮೆರಿಕದಿಂದ ಬಂದು ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದಾಗ ಒಮ್ಮೆಯೂ ಆ ಮಾತು ಅವರ ಬಾಯಿಂದ ಬರಲಿಲ್ಲ. ರಾತ್ರಿ ಊಟವಾದ ಮೇಲೆ ಚಿಕ್ಕಮ್ಮನೇ ಕಥೆ ಬಿಚ್ಚಿದರು. ಕೊನೆಗೆ, ‘ನಮ್ಮ ಹೆಸರು ಬೇಡ, ಆದರೆ ಇದನ್ನು ಬರೆ. ನಾಲ್ಕು ಜನಕ್ಕೆ ಉಪಯೋಗವಾಗಲಿ’ ಎಂದರು. ಅದಕ್ಕೇ ಈ ವಾರ ಅವರ ಕಥೆ.

ಚಿಕ್ಕಪ್ಪನಿಗೆ ಈಗ 67 ವರ್ಷ, ಚಿಕ್ಕಮ್ಮನಿಗೆ 64. ಒಹಾಯೊ ರಾಜ್ಯದಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದ ಚಿಕ್ಕಪ್ಪನಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡ. ಬೇರೇನೂ ಕಾಯಿಲೆಯಿಲ್ಲ. ನಿವೃತ್ತಿಯ ಹಣದಲ್ಲಿ ಒಂದು ಭಾಗ ತೆಗೆದು, ಅಲ್ಲಿನವರು ‘ಆರ್.ವಿ.’ ಎಂದು ಕರೆಯುವ ಮನೆ-ಬಂಡಿಯನ್ನು ಕೊಂಡರು. ಮಲಗಲು ಮಂಚ, ಅಡುಗೆಗೆ ಗ್ಯಾಸ್ ಒಲೆ, ಫ್ರಿಜ್, ಶೌಚಾಲಯ, ನೀರಿನ ಟ್ಯಾಂಕು ಎಲ್ಲವೂ ಅದರೊಳಗೇ. ನಿವೃತ್ತ ದಂಪತಿಗಳು ಇಂಥ ಬಂಡಿಯಲ್ಲಿ ತಿಂಗಳುಗಟ್ಟಲೆ ದೇಶ ಸುತ್ತುವುದು ಅಮೆರಿಕದಲ್ಲಿ ಸಾಮಾನ್ಯ. ಬಂಡಿಯ ನೆತ್ತಿಯ ಮೇಲೆ ಇಬ್ಬರು ಕೂರುವ ಒಂದು ಕಯಾಕ್ ಕಟ್ಟಿಕೊಂಡು, 2024ರ ಜೂನ್‌ನಲ್ಲಿ ಇಬ್ಬರೂ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದತ್ತ ಹೊರಟರು. ಸುಮಾರು ಮೂರು ಸಾವಿರ ಕಿಲೋಮೀಟರ್ ದಾರಿ.

ಕಯಾಕ್ ಎಂದರೆ ಉದ್ದನೆಯ, ಇಕ್ಕಟ್ಟಾದ, ಹಗುರ ದೋಣಿ. ಕಾಲು ಚಾಚಿ ಕುಳಿತು, ಎರಡೂ ತುದಿಗೆ ಹಲಗೆಯಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಹಿಂದಕ್ಕೆ ತಳ್ಳಬೇಕು. ಉತ್ತರ ಧ್ರುವದ ಸುತ್ತಿನ ಹಿಮಪ್ರದೇಶದಲ್ಲಿ ಬಾಳುವ ಇನ್ಯೂಟ್ ಜನ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗಾಗಿ ಕಟ್ಟುತ್ತಿದ್ದ ದೋಣಿಯೇ ಇದರ ಮೂಲ. ಮಗುಚಿದರೆ ಒಳಗಿನಿಂದಲೇ ಮತ್ತೆ ಮೇಲೆದ್ದು ಬರುವ ವಿದ್ಯೆಯನ್ನು ಅವರು ಕಲಿತಿದ್ದರು. ತಣ್ಣೀರಿಗೆ ಬಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ.

ಇಬ್ಬರಿಗೂ ಒಟ್ಟಿಗೆ ತಲೆನೋವು

ಸರೋವರ ತಲುಪುವ ಮೊದಲೇ ಒಂದು ಗಂಡಾಂತರ ಕಳೆದಿತ್ತು. ವಯೊಮಿಂಗ್ ರಾಜ್ಯದ ಬಿಗ್‌ಹಾರ್ನ್ ಬೆಟ್ಟಗಳ ಮೇಲೆ ಬಂಡಿ ನಿಲ್ಲಿಸಿ ಮಲಗಿದ ರಾತ್ರಿ. ಜೂನ್ ಆದರೂ ಅಲ್ಲಿ ಕೊರೆಯುವ ಚಳಿ. ಬ್ಯಾಟರಿ ಇಳಿದು ಹೀಟರ್ ನಿಂತಿತು. ಚಿಕ್ಕಮ್ಮ ಕಿಟಕಿಗಳನ್ನೆಲ್ಲ ಭದ್ರಪಡಿಸಿ ಗ್ಯಾಸ್ ಒಲೆಯನ್ನು ಸಣ್ಣಗೆ ಉರಿಸಿಟ್ಟರು. ಬೆಳಗಿನ ಜಾವ ಇಬ್ಬರಿಗೂ ತಲೆ ಸಿಡಿಯುವಂಥ ನೋವು, ವಾಕರಿಕೆ. ‘ಎತ್ತರದ ಜಾಗವಲ್ಲವೇ, ಅದಕ್ಕೇ ಇರಬೇಕು’ ಎಂದುಕೊಂಡರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇತ್ತು. ಅದು 94 ತೋರಿಸಿದ್ದರಿಂದ ಸಮಾಧಾನವೂ ಆಯಿತು.

ಅದು ಎತ್ತರದ ತಲೆನೋವಲ್ಲ, ಕಾರ್ಬನ್ ಮೊನಾಕ್ಸೈಡ್ ವಿಷ. ಮುಚ್ಚಿದ ಜಾಗದಲ್ಲಿ ಗ್ಯಾಸ್, ಇದ್ದಿಲು, ಪೆಟ್ರೋಲ್ ಯಾವುದು ಉರಿದರೂ ಈ ಅನಿಲ ಹುಟ್ಟಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮನೆಯಲ್ಲಿಟ್ಟುಕೊಳ್ಳುವ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯದು. ಆದ್ದರಿಂದ ಅದು ತೋರಿಸುವ ಅಂಕಿಯನ್ನು ಇಂಥ ಸಂದರ್ಭದಲ್ಲಿ ನಂಬಬಾರದು.

ಬಂಡಿಯಲ್ಲಿ ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಸಾಧನವೂ ಇತ್ತು. ಬ್ಯಾಟರಿ ಮುಗಿಯುತ್ತ ಬಂದು ಅದು ಆಗಾಗ ‘ಕೀ’ ಎನ್ನುತ್ತಿತ್ತೆಂದು ಚಿಕ್ಕಪ್ಪ ಎರಡು ದಿನ ಮೊದಲೇ ಅದನ್ನು ಕಿತ್ತು ಡ್ರಾಯರ್‌ಗೆ ಹಾಕಿದ್ದರು! ಕಾಫಿಗೆ ನೀರು ತರಲು ಬಾಗಿಲು ತೆರೆದದ್ದೇ ಅವರನ್ನು ಉಳಿಸಿತು. ಹೊರಗಿನ ಗಾಳಿಯಲ್ಲಿ ಅರ್ಧ ಗಂಟೆ ಓಡಾಡಿದ ಮೇಲೆ ತಲೆನೋವು ಇಳಿಯತೊಡಗಿತು.

ಓದುಗರು ಒಂದು ಸೂತ್ರ ನೆನಪಿಡಬೇಕು. ಒಬ್ಬರಿಗೆ ತಲೆನೋವು ಬಂದರೆ ಕಾರಣ ನೂರಿರಬಹುದು. ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಮೊದಲು ಗಾಳಿಯನ್ನು ಅನುಮಾನಿಸಿ. ಎಲ್ಲರೂ ಹೊರಗೆ ಬಂದು, ನಂತರ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೂ, ಮಲೆನಾಡಿನ ಚಳಿಗೆ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಸರೋವರದ ನಡುವೆ

ಯೆಲ್ಲೋಸ್ಟೋನ್ ಸರೋವರ ಸಮುದ್ರಮಟ್ಟದಿಂದ ಸುಮಾರು 2,357 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ನಾನೂರು ಮೀಟರ್‌ಗೂ ಹೆಚ್ಚು ಮೇಲೆ! ಚಳಿಗಾಲದಲ್ಲಿ ಇಡೀ ಸರೋವರ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಕರಗುವ ಹೊತ್ತಿಗೆ ಮೇ ಕೊನೆ ಅಥವಾ ಜೂನ್ ಬಂದಿರುತ್ತದೆ. ವಿಚಿತ್ರವೆಂದರೆ, ಪಶ್ಚಿಮದ ದಡದಲ್ಲಿ ಬಿಸಿನೀರಿನ ಬುಗ್ಗೆಗಳು ಹೊಗೆಯಾಡುತ್ತಿರುತ್ತವೆ, ಪಕ್ಕದಲ್ಲೇ ಸರೋವರದ ನೀರು ಫ್ರಿಜ್ಜಿನಿಂದ ತೆಗೆದಂತೆ ಕೊರೆಯುತ್ತಿರುತ್ತದೆ. ಮಧ್ಯಾಹ್ನವಾಗುತ್ತಿದ್ದಂತೆ ಗಾಳಿ ಎದ್ದು ಅಲೆಗಳು ಏಳುವುದು ಅಲ್ಲಿ ವಾಡಿಕೆ. ದಡ ಬಿಟ್ಟು ದೂರ ಹೋಗಬೇಡಿ, ನಡುನೀರು ದಾಟಬೇಡಿ ಎಂದು ಉದ್ಯಾನದವರು ಎಚ್ಚರಿಸುತ್ತಾರೆ.

ಅಂದು ಬಿಸಿಲು ಹಿತವಾಗಿತ್ತು. ಚಿಕ್ಕಪ್ಪ ತೋಳಿಲ್ಲದ ಅಂಗಿ, ಚಡ್ಡಿ ತೊಟ್ಟಿದ್ದರು. ಚಿಕ್ಕಮ್ಮ ಈಜು ಬಾರದವರಾದ್ದರಿಂದ ಲೈಫ್ ಜಾಕೆಟ್ ತೊಟ್ಟು ಬಿಗಿದುಕೊಂಡಿದ್ದರು. ಚಿಕ್ಕಪ್ಪ ‘ಸೆಕೆ’ ಎಂದು ತಮ್ಮದನ್ನು ದೋಣಿಯ ಹಿಂಭಾಗದಲ್ಲಿ ಹಗ್ಗಕ್ಕೆ ಸಿಕ್ಕಿಸಿದ್ದರು. ಹನ್ನೆರಡೂವರೆಯ ಹೊತ್ತಿಗೆ ಗಾಳಿ ಎದ್ದಿತು. ಹಿಂದಿರುಗಲೆಂದು ದೋಣಿ ತಿರುಗಿಸುವಾಗ ಅಲೆಯೊಂದು ಪಕ್ಕದಿಂದ ಹೊಡೆಯಿತು. ದಡದಿಂದ ಸುಮಾರು ಮುನ್ನೂರು ಮೀಟರ್ ದೂರದಲ್ಲಿ ಕಯಾಕ್ ಮಗುಚಿತು.

‘ಈಜೋಣ ಅಂತ ಕೈ ಎತ್ತಿದರೆ ಉಸಿರೇ ನನ್ನ ಹಿಡಿತದಲ್ಲಿಲ್ಲ. ಯಾರೋ ಎದೆಗೆ ಒದ್ದ ಹಾಗೆ. ಬಾಯಿ ತೆರೆದು ಎಳೆದುಕೊಂಡದ್ದರಲ್ಲಿ ಗಾಳಿಗಿಂತ ನೀರೇ ಹೆಚ್ಚು’ ಎಂದರು ಚಿಕ್ಕಪ್ಪ. ಈಜು ಬಾರದ ಚಿಕ್ಕಮ್ಮ ತೇಲುತ್ತಿದ್ದರು, ಈಜುಗಾರ ಮುಳುಗುತ್ತಿದ್ದರು!

ಚಿಕ್ಕಮ್ಮ ಅವರ ಅಂಗಿ ಹಿಡಿದು ಮಗುಚಿದ ದೋಣಿಯ ಬಳಿಗೆ ಎಳೆದರು. ಅವರ ಬೆರಳುಗಳು ಮರಗಟ್ಟುತ್ತಿದ್ದುದನ್ನು ನೋಡಿ, ದೋಣಿಯ ತುದಿಯ ಹಗ್ಗವನ್ನು ಅವರ ಕಂಕುಳಡಿ ಹಾಯಿಸಿ ಬಿಗಿದು ಹಿಡಿದುಕೊಂಡರು. ‘ರೀ, ಕಣ್ಣು ಮುಚ್ಚಬೇಡಿ. ಹದಿಮೂರರ ಮಗ್ಗಿ ಹೇಳಿ’ ಎಂದರು. ಮೊದಲ ಸಲ ಸರಿಯಾಗಿಯೇ ಹೇಳಿದರು. ಎರಡನೆಯ ಸಲ ಹದಿಮೂರೇಳಲಿ ಎಂದು ನಿಂತವರಿಗೆ ತೊಂಬತ್ತೊಂದು ನೆನಪಾಗಲಿಲ್ಲ. ‘ಆಗ ನನಗೆ ನಿಜವಾಗಿ ಹೆದರಿಕೆಯಾಯಿತು’ ಎನ್ನುವಾಗ ಚಿಕ್ಕಮ್ಮನ ಕಣ್ಣು ತುಂಬಿತ್ತು. ಸುಮಾರು ಇಪ್ಪತ್ತೈದು ನಿಮಿಷದ ನಂತರ ಮೀನು ಹಿಡಿಯಲು ಬಂದಿದ್ದ ಮೋಟಾರು ದೋಣಿಯ ಇಬ್ಬರು ಯುವಕರು ಕಂಡು ಎತ್ತಿಕೊಂಡರು.

ದೇಹದೊಳಗೆ ನಡೆದದ್ದೇನು?

ತಣ್ಣೀರಿಗೆ ಬಿದ್ದವರು ಚಳಿಯಿಂದ ಸಾಯುತ್ತಾರೆ ಎಂದು ನಾವೆಲ್ಲ ಭಾವಿಸಿದ್ದೇವೆ. ಎಷ್ಟೋ ಜನರಿಗೆ ಅಷ್ಟು ಸಮಯವೇ ಸಿಗುವುದಿಲ್ಲ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಸುಲಭವಾಗಿ ನೆನಪಿಡಲು ‘ಒಂದು-ಹತ್ತು-ಒಂದು’ ಎಂಬ ಸೂತ್ರವನ್ನು ಪ್ರಚಾರ ಮಾಡಿದ್ದಾರೆ. ಮಂಜಿನಂಥ ನೀರಿಗೆ ಬಿದ್ದಾಗ ಉಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಉಪಯೋಗಕ್ಕೆ ಬರುವುದು 10 ನಿಮಿಷ, ಚಳಿಯಿಂದ ಎಚ್ಚರ ತಪ್ಪಲು ಸುಮಾರು 1 ಗಂಟೆ. ನೀರಿನ ತಂಪು, ಮೈಕಟ್ಟು, ಬಟ್ಟೆ ನೋಡಿ ಇದು ಹೆಚ್ಚು ಕಡಿಮೆಯಾಗುತ್ತದೆ.

ಮೊದಲ ನಿಮಿಷ: ಚರ್ಮಕ್ಕೆ ದಿಢೀರನೆ ತಣ್ಣೀರು ತಾಗಿದಾಗ ನಮಗರಿವಿಲ್ಲದೆಯೇ ದೊಡ್ಡದೊಂದು ಉಸಿರನ್ನು ಒಳಗೆಳೆದುಕೊಳ್ಳುತ್ತೇವೆ. ಬೆನ್ನಲ್ಲೇ ಏದುಸಿರು. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ನೀರೇ ಹೋಗುತ್ತದೆ. ಜೊತೆಗೆ ಚರ್ಮದ ರಕ್ತನಾಳಗಳು ಬಿಗಿದು ರಕ್ತದೊತ್ತಡ ಮೇಲಕ್ಕೆ ಹಾರುತ್ತದೆ, ನಾಡಿ ಓಡುತ್ತದೆ. ದುರ್ಬಲ ಹೃದಯವಿರುವವರಲ್ಲಿ ಬಡಿತದ ಲಯ ತಪ್ಪಬಹುದು. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಇದು ತೀವ್ರವಾಗಿರುತ್ತದೆ. ಇಲ್ಲಿ ಈಜು ವಿದ್ಯೆ ಕೆಲಸಕ್ಕೆ ಬಾರದು. ಬಾಯಿಯನ್ನು ನೀರಿನ ಮೇಲಿಡುವ ಲೈಫ್ ಜಾಕೆಟ್ ಮಾತ್ರ ಕೆಲಸಕ್ಕೆ ಬರುತ್ತದೆ.

ಮುಂದಿನ ಹತ್ತು ನಿಮಿಷ: ದೇಹ ತನ್ನ ಒಡಲನ್ನು ಬೆಚ್ಚಗಿಡಲು ಕೈಕಾಲುಗಳಿಗೆ ರಕ್ತ ಕಡಿಮೆ ಮಾಡುತ್ತದೆ. ಬೆರಳು ಮಡಿಸಲಾಗದು, ಹಗ್ಗ ಹಿಡಿಯಲಾಗದು. ನೀರಿಗೆ ಬಿದ್ದ ಮೇಲೆ ಲೈಫ್ ಜಾಕೆಟ್ ತೊಡುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು. ಗುಂಡಿ ಹಾಕುವ ಬೆರಳೇ ಆಗ ನಿಮ್ಮದಾಗಿರುವುದಿಲ್ಲ.

ಆಮೇಲೆ: ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಕಸಿಯುತ್ತದೆ. ಒಡಲಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೊಥರ್ಮಿಯಾ ಎನ್ನುತ್ತೇವೆ. ಜೋರು ನಡುಕ, ತೊದಲು ಮಾತು, ಮಂಕು ಕವಿದ ಬುದ್ಧಿ ಅದರ ಲಕ್ಷಣಗಳು. ಮಗ್ಗಿ ಮರೆತದ್ದು ಅದಕ್ಕೇ. ಇನ್ನೂ ಕೆಳಗೆ, 32ರ ಆಸುಪಾಸಿಗೆ ಬಂದಾಗ ನಡುಕವೇ ನಿಲ್ಲುತ್ತದೆ. ‘ನಡುಕ ನಿಂತಿತು, ಸುಧಾರಿಸಿದರು’ ಎಂದು ಆಗ ತಿಳಿಯಬಾರದು. ಅದು ಹೆಚ್ಚಿನ ಅಪಾಯದ ಸೂಚನೆ.

ವಯಸ್ಸು, ಮಾತ್ರೆ ಮತ್ತು ನೀರು

ಅರವತ್ತು ದಾಟಿದವರ ಸ್ನಾಯುಗಳು ಸೊರಗಿರುತ್ತವೆ. ನಡುಗಿ ಶಾಖ ಹುಟ್ಟಿಸುವ ಶಕ್ತಿ ಕಡಿಮೆ. ಚಿಕ್ಕಪ್ಪ ರಕ್ತದೊತ್ತಡಕ್ಕೆ ಎರಡು ಮಾತ್ರೆ ನುಂಗುತ್ತಿದ್ದರು. ಒಂದು ಬೀಟಾ ಬ್ಲಾಕರ್, ಇದು ತುರ್ತಿನಲ್ಲಿ ಹೃದಯ ವೇಗ ಹೆಚ್ಚಿಸಿಕೊಳ್ಳುವುದನ್ನು ತಡೆಯುತ್ತದೆ. ಇನ್ನೊಂದು ಮೂತ್ರ ಹೆಚ್ಚಿಸುವ ಮಾತ್ರೆ. ಬಂಡಿಯ ಶೌಚಾಲಯದ ಟ್ಯಾಂಕು ಬೇಗ ತುಂಬೀತೆಂದು ಅವರು ದಿನವಿಡೀ ನೀರನ್ನೇ ಕಡಿಮೆ ಕುಡಿಯುತ್ತಿದ್ದರು! ಎತ್ತರದ ಒಣಹವೆ, ಮೂತ್ರದ ಮಾತ್ರೆ, ಕುಡಿಯದ ನೀರು ಮೂರೂ ಸೇರಿ ಮೈಯಲ್ಲಿ ನೀರಿನಂಶ ಕುಗ್ಗಿತ್ತು.

ಹಾಗೆಂದು ಯಾರೂ ಮಾತ್ರೆ ನಿಲ್ಲಿಸಬಾರದು. ಪ್ರವಾಸಕ್ಕೆ ಒಂದು ತಿಂಗಳು ಮೊದಲೇ ನಿಮ್ಮ ವೈದ್ಯರನ್ನು ಕಂಡು, ‘ಎಷ್ಟು ಎತ್ತರದ ಊರಿಗೆ ಹೋಗುತ್ತೇನೆ, ಅಲ್ಲಿ ಏನು ಮಾಡುತ್ತೇನೆ’ ಎಂದು ಹೇಳಿದರೆ ಪ್ರಮಾಣ ಬದಲಿಸಬೇಕೇ ಬೇಡವೇ ಎಂದು ಅವರು ನಿರ್ಧರಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ನಿದ್ರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಕಡ್ಡಾಯವಾಗಿ ಕೇಳಬೇಕು. ಇಡೀ ದಿನ ವಾಹನದಲ್ಲಿ ಕೂರುವವರು ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ತಗ್ಗುತ್ತದೆ.

ನೀರಿನಿಂದ ಎತ್ತಿದ ಮೇಲೆ

ಮೋಟಾರು ದೋಣಿಗೆ ಹತ್ತಿಸಿದಾಗ ಚಿಕ್ಕಪ್ಪ ‘ನನಗೇನೂ ಆಗಿಲ್ಲ’ ಎಂದು ಎದ್ದು ನಿಂತರಂತೆ. ನಿಂತವರು ಹಾಗೆಯೇ ಕುಸಿದರು. ನೀರಿನಲ್ಲಿರುವಾಗ ಸುತ್ತಲಿನ ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಹೊರಗೆ ಬಂದೊಡನೆ ಆ ಆಸರೆ ತಪ್ಪಿ ರಕ್ತದೊತ್ತಡ ಧುತ್ತನೆ ಇಳಿಯುತ್ತದೆ. ಬದುಕುಳಿದೆವು ಎನ್ನುವ ಘಳಿಗೆಯಲ್ಲೇ ಕೆಲವರು ಪ್ರಾಣ ಬಿಡುವುದು ಇದರಿಂದ.

ಅದೃಷ್ಟಕ್ಕೆ ಆ ಯುವಕರಿಗೆ ತಿಳಿವಳಿಕೆಯಿತ್ತು. ಅಡ್ಡ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಕಂಬಳಿ ಸುತ್ತಿ ಉದ್ಯಾನದೊಳಗಿನ ಚಿಕಿತ್ಸಾಲಯಕ್ಕೆ ಮುಟ್ಟಿಸಿದರು. ಅಲ್ಲಿ ನೋಡಿದಾಗ ಒಡಲಿನ ಉಷ್ಣತೆ 34 ಡಿಗ್ರಿ. ಬಿಸಿಗಾಳಿಯ ಹೊದಿಕೆ ಕೊಟ್ಟು, ಇ.ಸಿ.ಜಿ. ಮೇಲೆ ಕಣ್ಣಿಟ್ಟರು. ಸಂಜೆಯ ಹೊತ್ತಿಗೆ ಚಿಕ್ಕಪ್ಪ ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದರು. ಚಿಕ್ಕಮ್ಮನಿಗೂ ನಡುಕವಿತ್ತು. ತೆಳ್ಳಗಿನ ಲೈಫ್ ಜಾಕೆಟ್ ಕೂಡ ಎದೆಯನ್ನು ಸ್ವಲ್ಪ ಬೆಚ್ಚಗಿಟ್ಟಿದ್ದರಿಂದ ಅವರು ಬೇಗ ಚೇತರಿಸಿಕೊಂಡರು.

ನಮ್ಮವರಿಗೂ ಬೇಕಾದ ಮಾತು

ಇದು ದೂರದ ಅಮೆರಿಕದ ಕಥೆ ಎನ್ನಬೇಡಿ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ತಂದೆ ತಾಯಂದಿರನ್ನು ಮಕ್ಕಳು ಉತ್ಸಾಹದಿಂದ ಸರೋವರಗಳಿಗೆ ಕರೆದೊಯ್ಯುತ್ತಾರೆ. ಇಲ್ಲಿ ದಾಂಡೇಲಿಯ ಕಾಳಿ ನದಿಯಲ್ಲೂ ಈಗ ಕಯಾಕ್ ನಡೆಸುತ್ತಾರೆ. ನಮ್ಮ ನದಿಗಳು ಅಷ್ಟು ತಣ್ಣಗಿರುವುದಿಲ್ಲ, ಆದರೆ ಸುಳಿಗೂ ಬಂಡೆಗೂ ಲೈಫ್ ಜಾಕೆಟ್ ಬೇಕೇ ಬೇಕು. ಚಾರ್‌ಧಾಮ ಯಾತ್ರೆಗೆ ಹೋಗಿ ಗಂಗೋತ್ರಿಯ ಹಿಮನೀರಿನಲ್ಲಿ ಒಮ್ಮೆಲೇ ಮೂರು ಮುಳುಗು ಹಾಕುವ ನಮ್ಮ ಹಿರಿಯರ ಮೈಯಲ್ಲೂ ಇದೇ ಮೊದಲ ನಿಮಿಷದ ಆಘಾತವಾಗುತ್ತದೆ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮುಳುಗುವುದೇ ಬೇಡ. ತಲೆಗೆ ನಾಲ್ಕು ಹನಿ ಪ್ರೋಕ್ಷಿಸಿಕೊಂಡರೂ ಪುಣ್ಯ ಕಡಿಮೆಯಾಗದು. ಉಳಿದವರು ಮೊದಲು ಪಾದ, ಆಮೇಲೆ ಕೈ, ಮುಖ, ಭುಜ ತೋಯಿಸಿಕೊಂಡು, ಉಸಿರು ಸಮವಾದ ಮೇಲೆ ಜೊತೆಯವರ ಕೈ ಹಿಡಿದು ಇಳಿಯಲಿ.

ಅಮೆರಿಕದ ಕೋಸ್ಟ್ ಗಾರ್ಡ್ ಪ್ರಕಟಿಸಿದ 2022ರ ದೋಣಿ ಅಪಘಾತಗಳ ವರದಿಯ ಪ್ರಕಾರ, ಸಾವಿನ ಕಾರಣ ತಿಳಿದವರಲ್ಲಿ ಶೇ. 75ರಷ್ಟು ಜನ ಮುಳುಗಿ ಸತ್ತರು. ಹಾಗೆ ಮುಳುಗಿದವರಲ್ಲಿ ಶೇ. 85ರಷ್ಟು ಜನ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕತ್ತರಿಸಿ ಇಟ್ಟುಕೊಳ್ಳಿ

* ದೋಣಿ ಹತ್ತುವ ಮೊದಲೇ ಅಳತೆಗೆ ಸರಿಯಾದ ಲೈಫ್ ಜಾಕೆಟ್ ತೊಟ್ಟು ಬಿಗಿದುಕೊಳ್ಳಿ. ದೋಣಿಯಲ್ಲಿಟ್ಟ ಜಾಕೆಟ್ ನಿಮ್ಮನ್ನು ಕಾಯದು.

* ಬಿಸಿಲು ನೋಡಿ ಬಟ್ಟೆ ಹಾಕಬೇಡಿ, ನೀರಿನ ತಂಪು ನೋಡಿ ಹಾಕಿ. ಬೆಳಗ್ಗೆಯೇ ಹೋಗಿ, ದಡದ ಹತ್ತಿರವೇ ಇರಿ, ಗಾಳಿ ಏಳುವ ಮೊದಲು ಹಿಂದಿರುಗಿ.

* ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿ ಯಾರಿಗಾದರೂ ಹೇಳಿ ಹೋಗಿ. ಸೀಟಿಯೊಂದು ಜಾಕೆಟ್‌ನಲ್ಲೇ ಇರಲಿ. ಫೋನ್ ಎಲ್ಲೆಡೆ ಕೆಲಸ ಮಾಡದು.

* ಬಿದ್ದರೆ ಮೊದಲ ನಿಮಿಷ ಈಜಬೇಡಿ. ಮುಖ ಮೇಲಿಟ್ಟು ತೇಲಿ, ಉಸಿರು ಸಮವಾಗಲಿ. ನಂತರ ದೋಣಿಯನ್ನು ಹಿಡಿಯಿರಿ. ಮಗುಚಿದರೂ ದೋಣಿಯನ್ನು ಬಿಡಬೇಡಿ. ಮೊಣಕಾಲನ್ನು ಎದೆಗೆ ಮಡಚಿಕೊಂಡರೆ ಶಾಖ ಉಳಿಯುತ್ತದೆ.

* ಎತ್ತಿದವರನ್ನು ಮಲಗಿಸಿಯೇ ಇಡಿ, ನಡೆಸಬೇಡಿ. ಕೈಕಾಲು ತಿಕ್ಕಬೇಡಿ, ಬ್ರಾಂದಿ ಕೊಡಬೇಡಿ. ಒಣಬಟ್ಟೆ, ಕಂಬಳಿ ಸುತ್ತಿ. ಎದೆ, ಕಂಕುಳ ಭಾಗಕ್ಕೆ ಮೊದಲು ಬೆಚ್ಚಗೆ ಮಾಡಿ. ಪೂರ್ಣ ಎಚ್ಚರವಿದ್ದರೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಉಸಿರಿಲ್ಲದಿದ್ದರೆ ಕೂಡಲೇ ಕೃತಕ ಉಸಿರಾಟ, ಎದೆ ಒತ್ತುವಿಕೆ ಆರಂಭಿಸಿ, ಸಹಾಯ ಬರುವವರೆಗೂ ನಿಲ್ಲಿಸಬೇಡಿ. ನೀರು ಕುಡಿದವರು ಆರಾಮವಾಗಿದ್ದರೂ ಆಸ್ಪತ್ರೆಯಲ್ಲಿ ತೋರಿಸಲೇಬೇಕು.

* ಮನೆ-ಬಂಡಿಯಲ್ಲಿ, ಕಾರಿನಲ್ಲಿ, ಬಚ್ಚಲಿನಲ್ಲಿ ಉರಿಯ ಜೊತೆ ಬಾಗಿಲು ಮುಚ್ಚಿಕೊಳ್ಳಬೇಡಿ.

* ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಗಂಡ ಹೆಂಡತಿ ಇಬ್ಬರ ಬಳಿಯೂ ಇರಲಿ. ವಿದೇಶಕ್ಕೆ ಹೋಗುವವರು ಹಳೆಯ ಕಾಯಿಲೆಗೂ ಸಾಹಸ ಕ್ರೀಡೆಗೂ ವಿಮೆ ಅನ್ವಯಿಸುವುದೇ ಎಂದು ಓದಿ ನೋಡಿ.

ಹೊರಡುವ ದಿನ ಚಿಕ್ಕಪ್ಪ ಮೆಲ್ಲನೆ ಕೇಳಿದರು: ‘ಈ ವರ್ಷ ಮತ್ತೆ ಹೋಗಬಹುದಾ?’

ಇ.ಸಿ.ಜಿ., ಎಕೋ, ರಕ್ತದೊತ್ತಡ ಎಲ್ಲ ನೋಡಿದ್ದೆ. ಬೇಡ ಎನ್ನಲು ಕಾರಣವಿರಲಿಲ್ಲ. ಭುಜಕ್ಕೂ ಎದೆಗೂ ವ್ಯಾಯಾಮ, ಮನಸ್ಸಿಗೆ ಉಲ್ಲಾಸ ಕೊಡುವ ಹವ್ಯಾಸವನ್ನು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬಿಡಬೇಕಿಲ್ಲ. ‘ಹೋಗಿ ಬನ್ನಿ ಚಿಕ್ಕಪ್ಪ. ಆದರೆ ಚಿಕ್ಕಮ್ಮ ಹೇಳಿದ ಹಾಗೆ ಕೇಳಬೇಕು’ ಎಂದೆ.

ಚಿಕ್ಕಮ್ಮ ಒಳಗಿನಿಂದಲೇ ಹೇಳಿದರು: ‘ಜಾಕೆಟ್ ನಾನೇ ಹಾಕಿ ಬಿಗೀತೀನಿ. ಹದಿಮೂರರ ಮಗ್ಗಿ ದಡದಲ್ಲೇ ಹೇಳಿಸ್ತೀನಿ.’